ಲಿಂಕ್ ಒತ್ತುವ ಮುಂಚೆ ಇಷ್ಟು ಕೇಳಿ

ಎಲ್ಲರಿಗೂ ನಮಸ್ಕಾರ. ಈ ವಿಡಿಯೋದ ಕೆಳಗೆ ಒಂದಷ್ಟು ಲಿಂಕ್‌ಗಳಿವೆ. ಸೈಕಲ್ಲಿಗೆ ಪಂಕ್ಚರ್ ಹಾಕುವ ಪ್ಯಾಚ್ ಕಿಟ್, ಬ್ರೇಕ್ ಪ್ಯಾಡ್, ಹಿಂದಿನ ಕೆಂಪು ಲೈಟ್, ಹೀಗೆ. ಅವುಗಳ ಮೂಲಕ ನೀವು ಏನಾದರೂ ಕೊಂಡರೆ ನಮ್ಮ ಸೈಕಲ್ ಬಳಗಕ್ಕೆ ಸ್ವಲ್ಪ ಕಮಿಷನ್ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತಿನ ಮಾತು ಪೂರ್ತಿ ಆ ಹಣದ ಬಗ್ಗೆಯೇ.

ನೀವು ಈಗ ನೋಡುತ್ತಿರುವುದು ಕುಶಾಲನಗರದಿಂದ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಹತ್ತುವ ರಸ್ತೆ. ಕುಶಾಲನಗರ ಸಮುದ್ರ ಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿದೆ, ಮಡಿಕೇರಿ 1150ರ ಹತ್ತಿರ. ಎರಡೂ ಕಡೆ ಕಾಫಿ ತೋಟ, ಒಳ್ಳೆ ನೆರಳು. ಆದರೆ ಇಲ್ಲಿ ಗೇರ್ ಸೈಕಲ್ಲಿನ ಚೈನ್ ಕಡಿದರೆ, ಅದಕ್ಕೆ ಸರಿಹೊಂದುವ ಕೊಂಡಿ ಎಲ್ಲಿ ಸಿಗುತ್ತದೆ ಹೇಳಿ? ಕೊಡಗಿಗೆ ರೈಲಿಲ್ಲ. ಗೇರ್ ಸೈಕಲ್ಲಿನ ಸಾಮಾನು ಬೇಕೆಂದರೆ ಹೆಚ್ಚಿನವರು ನೋಡುವುದು ಮೈಸೂರಿನ ಕಡೆ. ಅದು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಹಾಗಾಗಿ ನಮ್ಮವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದು ಮೊದಲಿನಿಂದಲೂ ಇತ್ತು. ನಾವು ಮಾಡಿದ್ದು ಇಷ್ಟೇ: ಹೇಗೂ ಆಗುತ್ತಿದ್ದ ಆ ಖರೀದಿಯ ಕಮಿಷನ್ ಬಳಗಕ್ಕೆ ಬರುವ ಹಾಗೆ ಮಾಡಿಕೊಂಡೆವು.

ಬಳಗಕ್ಕೆ ಹಣ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಒಬ್ಬರು ವಿರಾಜಪೇಟೆ, ಇನ್ನೊಬ್ಬರು ನಾಪೋಕ್ಲು, ಮತ್ತೊಬ್ಬರು ಸೋಮವಾರಪೇಟೆ. ಎಲ್ಲರೂ ಒಟ್ಟಿಗೆ ಸೇರುವುದು ಅಪರೂಪ. ಬಳಗ ಬದುಕಿರುವುದು ಫೋನಿನಲ್ಲಿ. ಸಿದ್ದಾಪುರದ ಕಡೆ ಆನೆ ರಸ್ತೆಗೆ ಬಂದಿದೆ, ಭಾಗಮಂಡಲದಲ್ಲಿ ನೀರು ಏರಿದೆ, ಮಾಕುಟ್ಟ ಘಾಟಿಯಲ್ಲಿ ಮರ ಬಿದ್ದಿದೆ. ಬೆಳಗಿನ ಜಾವ ಹೊರಡುವವನಿಗೆ ಇಂಥ ಒಂದು ಸಾಲಿನ ಸುದ್ದಿ ಎಷ್ಟು ಬೆಲೆಬಾಳುತ್ತದೆ ಅನ್ನುವುದು ಇಲ್ಲಿನವರಿಗೆ ಗೊತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ನೋಡಿದ ಊರು ಇದು. ಇದರ ಜೊತೆಗೆ ರೂಟ್ ನಕ್ಷೆಗಳಿವೆ, ವಿಡಿಯೋ ಇಟ್ಟುಕೊಳ್ಳುವ ಖರ್ಚಿದೆ. ದಾರಿಯ ಟೀ ಅಂಗಡಿಗಳಲ್ಲಿ ಇಡುವ ಪಂಪ್ ಮತ್ತು ಪಂಕ್ಚರ್ ಕಿಟ್‌ಗೂ ಹಣ ಬೇಕು.

ಚಂದಾ ಎತ್ತಬಹುದಲ್ವಾ? ಎತ್ತಬಹುದು. ನನಗೆ ಅದು ಇಷ್ಟವಿಲ್ಲ. ತೋಟದ ಕೆಲಸಗಾರರ ಲೈನ್‌ಮನೆಯಿಂದ ಹಳೆಯ ಸೈಕಲ್ ತುಳಿದುಕೊಂಡು ಕಾಲೇಜಿಗೆ ಹೋಗುವ ಹುಡುಗನೂ ನಮ್ಮ ಬಳಗದವನೇ. ಆನೆಯ ಸುದ್ದಿ ಅವನಿಗೂ ತಲುಪಬೇಕು, ಪುಕ್ಕಟೆಯಾಗಿ ತಲುಪಬೇಕು. ಈ ಮಾತಿನಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಈಗ ಲಿಂಕ್ ಕೆಲಸ ಮಾಡುವ ರೀತಿಗೆ ಬರೋಣ. ಅಂಗಡಿಗೆ ಹೋಗುವವರಿಗೆ ‘ನನ್ನ ಹೆಸರು ಹೇಳಿ’ ಅನ್ನುತ್ತೇವಲ್ಲ, ಇದೂ ಹಾಗೆ. ಲಿಂಕಿನ ಒಳಗೆ ಬಳಗದ ಗುರುತು ಇರುತ್ತದೆ. ನೀವು ಒತ್ತಿದಾಗ ಯಾರ ಕಡೆಯಿಂದ ಬಂದಿರಿ ಅಂತ ಆ ಆನ್‌ಲೈನ್ ಅಂಗಡಿಗೆ ಗೊತ್ತಾಗುತ್ತದೆ. ಇದೇನೂ ಹೊಸದಲ್ಲ, ಅಮೆಜಾನ್ ಇದನ್ನು ಶುರು ಮಾಡಿದ್ದು 1996ರಲ್ಲಿ. ಅವರಲ್ಲಿ ಆ ಗುರುತು ಸಾಮಾನ್ಯವಾಗಿ 24 ಗಂಟೆ ಉಳಿಯುತ್ತದೆ. ನಡುವೆ ನೀವು ಬೇರೆಯವರ ಲಿಂಕ್ ಒತ್ತಿದರೆ ಕಮಿಷನ್ ಅವರಿಗೆ ಹೋಗುತ್ತದೆ. ಸಾಮಾನು ವಾಪಸ್ ಕಳಿಸಿದರೆ ಅದೂ ಹೋಯಿತು. ನಿಮಗೆ ಬೆಲೆ ಒಂದು ರೂಪಾಯಿಯೂ ಜಾಸ್ತಿಯಾಗುವುದಿಲ್ಲ.

ಎಷ್ಟು ಬರುತ್ತದೆ? ಸಾಮಾನಿನ ಬಗೆ ನೋಡಿ ದರ ಬದಲಾಗುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ಸಾವಿರ ರೂಪಾಯಿಯ ಲೈಟಿಗೆ ನೂರಕ್ಕೆ ಐದರ ದರ ಇದ್ದರೆ 50 ರೂಪಾಯಿ. ಅದೂ ಕೈಗೆ ಬರುವುದು ತಿಂಗಳುಗಳಾದ ಮೇಲೆ. ನಮ್ಮದೇ ಲಿಂಕಿನಲ್ಲಿ ನಾವೇ ಕೊಂಡು ಕಮಿಷನ್ ಪಡೆಯುವುದಕ್ಕೆ ಅಮೆಜಾನಿನಲ್ಲಿ ಅವಕಾಶವಿಲ್ಲ. ‘ಈ ಲಿಂಕಿನಲ್ಲೇ ಕೊಳ್ಳಿ, ನಿಮಗೆ ಇಂಥದ್ದು ಕೊಡುತ್ತೇವೆ’ ಅಂತ ಆಸೆ ತೋರಿಸುವ ಹಾಗೂ ಇಲ್ಲ.

ಇನ್ನೊಂದು ಸಂಗತಿ ನಿಮಗೆ ತಿಳಿದಿರಲಿ. ನೀವು ಬ್ರೇಕ್ ಪ್ಯಾಡ್ ನೋಡಲು ಹೋಗಿ ಕುಕ್ಕರ್ ಕೊಂಡರೂ ಕಮಿಷನ್ ಬರಬಹುದು. ಏನು ಮಾರಾಟವಾಯಿತು ಅನ್ನುವುದು ನಮ್ಮ ರಿಪೋರ್ಟಿನಲ್ಲಿ ಕಾಣುತ್ತದೆ. ಯಾರು ಕೊಂಡರು ಅನ್ನುವುದು ಕಾಣುವುದಿಲ್ಲ. ನಿಮ್ಮ ಮನೆಯ ಖರೀದಿ ನಿಮ್ಮದೇ.

ಕಮಿಷನ್ ಬರುತ್ತದೆ ಅನ್ನುವುದನ್ನು ಮುಚ್ಚಿಡುವುದು ತಪ್ಪು. ನಮ್ಮ ದೇಶದಲ್ಲಿ ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲಿ ಇದಕ್ಕೆ ನಿಯಮ ತಂದಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಮಾರ್ಗಸೂಚಿ ಹೊರಡಿಸಿತು. ಹಣದ ಸಂಬಂಧವಿದ್ದರೆ ನೋಡುವವರಿಗೆ ಸುಲಭವಾಗಿ ಕಾಣುವ ಹಾಗೆ ಹೇಳಬೇಕು. ಅದಕ್ಕೇ ಮೊದಲ ನಿಮಿಷದಲ್ಲೇ, ಕನ್ನಡದಲ್ಲೇ, ಬಾಯಿಬಿಟ್ಟು ಹೇಳಿದೆ.

ಈಗ ಬಂತು ಭಾಗಮಂಡಲದಿಂದ ತಲಕಾವೇರಿಗೆ ಹೋಗುವ ರಸ್ತೆ. ಎಂಟು ಕಿಲೋಮೀಟರ್ ಹತ್ತಿದ್ದನ್ನು ಈಗ ಇಳಿಯುತ್ತಿದ್ದೇನೆ. ಬ್ರೇಕಿನ ಸದ್ದು ಕೇಳಿಸುತ್ತಿದೆಯಾ? ನಮ್ಮ ಮಳೆಗಾಲದಲ್ಲಿ ಡಿಸ್ಕ್ ಬ್ರೇಕಿನ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ. ನೀರಿನ ಜೊತೆ ಮರಳು, ಕೆಸರು ಸೇರಿ ಉಜ್ಜುತ್ತದೆ. ಮೆಟಲ್ ಪ್ಯಾಡ್ ಜಾಸ್ತಿ ದಿನ ಬರುತ್ತದೆ, ಸ್ವಲ್ಪ ಸದ್ದು ಮಾಡುತ್ತದೆ ಅಷ್ಟೇ. ಆದರೆ ಕಡಿಮೆ ಬೆಲೆಯ ಕೆಲವು ರೋಟರ್‌ಗಳ, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಗಳ ಮೇಲೆ ರೆಸಿನ್ ಮಾತ್ರ ಬಳಸಿ ಅಂತ ಬರೆದಿರುತ್ತದೆ. ಅಂಥದ್ದಕ್ಕೆ ಮೆಟಲ್ ಪ್ಯಾಡ್ ಹಾಕಬೇಡಿ, ರೋಟರ್ ಹಾಳಾಗುತ್ತದೆ. ಪ್ಯಾಡಿನ ಆಕಾರವೂ, ಅದನ್ನು ಹಿಡಿದಿರುವ ಕ್ಯಾಲಿಪರ್ ಒಂದೊಂದಕ್ಕೂ ಒಂದೊಂದು ಥರ.

ಇದನ್ನೆಲ್ಲ ಹೇಳಿದ ಮೇಲೆ ಲಿಂಕ್ ಕೊಡುತ್ತೇವೆ. ಸುಮ್ನೆ ‘ಟಾಪ್ ಹತ್ತು ಸಾಮಾನುಗಳು’ ಅಂತ ಪಟ್ಟಿ ಮಾಡಿ ಹಾಕುವುದು ನನಗೆ ಹಿಡಿಸುವುದಿಲ್ಲ. ದುಬಾರಿ ಚಕ್ರದ ಜೋಡಿಗೆ ಕಮಿಷನ್ ಸಾವಿರದ ಲೆಕ್ಕದಲ್ಲಿ ಬರಬಹುದು, ಪ್ಯಾಚ್ ಕಿಟ್ಟಿಗೆ ಚಿಲ್ಲರೆ ಕಾಸು. ಆದರೂ ನಮ್ಮ ಪಟ್ಟಿಯಲ್ಲಿ ಮೇಲಿರುವುದು ಪ್ಯಾಚ್ ಕಿಟ್. ಚೈನಿಗೆ ಹಾಕುವ, ಮಳೆಗೆ ಬೇಗ ತೊಳೆದುಹೋಗದ ಎಣ್ಣೆ, ವೆಟ್ ಲ್ಯೂಬ್ ಇದೆ. ಚೈನ್ ಎಷ್ಟು ಸವೆದಿದೆ ಅಂತ ನೋಡುವ ಚೆಕ್ಕರ್ ಇದೆ. ಅದು 0.5 ತೋರಿಸಿದಾಗಲೇ, ಅಂದರೆ ಚೈನ್ ಸವೆದು ಶೇಕಡಾ 0.5ರಷ್ಟು ಉದ್ದವಾದಾಗಲೇ ಬದಲಾಯಿಸಿದರೆ, ಹಿಂದಿನ ಹಲ್ಲುಗಾಲಿ ಉಳಿಯುತ್ತದೆ. ಚಕ್ರಗಳ ಜೋಡಿ ಪಟ್ಟಿಯಲ್ಲಿಲ್ಲ.

ನಮ್ಮ ಊರಿನ ಸೈಕಲ್ ರಿಪೇರಿ ಅಂಗಡಿಯ ಅಣ್ಣ ಒಂದು ದಿನ ಕೇಳಿದರು. “ಅಲ್ಲಪ್ಪಾ, ನನ್ನ ಗಿರಾಕಿಗಳನ್ನೆಲ್ಲ ನೀನು ಫೋನಿನ ಅಂಗಡಿಗೆ ಕಳಿಸಿದರೆ ನಾನೇನು ಮಾಡಲಿ?” ಆ ಪ್ರಶ್ನೆಯನ್ನು ಇಡೀ ಬಳಗದ ಮುಂದಿಟ್ಟೆವು. ಚರ್ಚೆಯಾಯಿತು, ಸ್ವಲ್ಪ ಜೋರಾಗಿಯೇ ಆಯಿತು. ಕೊನೆಗೆ ತೀರ್ಮಾನವಾದದ್ದು ಹೀಗೆ: ಊರಿನ ಅಂಗಡಿಯಲ್ಲಿ ಸಿಗುವ ಯಾವ ಸಾಮಾನಿಗೂ ನಾವು ಲಿಂಕ್ ಹಾಕುವುದಿಲ್ಲ. ಸಾಮಾನ್ಯ ವಾಲ್ವಿನ ಟ್ಯೂಬು, ಪೆಡಲ್, ಸ್ಟ್ಯಾಂಡ್, ಬೆಲ್ಲು ಎಲ್ಲ ಅಣ್ಣನ ಬಳಿ ಇವೆ. ತೆಳ್ಳನೆಯ ಪ್ರೆಸ್ಟಾ ವಾಲ್ವಿನ ಟ್ಯೂಬು ಮೊದಲು ಅವರು ಇಡುತ್ತಿರಲಿಲ್ಲ. ನಮ್ಮ ರಿಪೋರ್ಟ್ ನೋಡಿ, ಇದು ಇಷ್ಟೊಂದು ಹೋಗುತ್ತದಾ ಅಂತ ತಾವೂ ತರಿಸಿದರು. ಅಂದೇ ಆ ಲಿಂಕ್ ತೆಗೆದೆವು. ಬಳಗಕ್ಕೆ ಬರುವ ಹಣ ಸ್ವಲ್ಪ ಕಡಿಮೆಯಾಯಿತು, ಆಗಲಿ. ಚಕ್ರದ ಬೆಂಡ್ ತೆಗೆಯಲು, ಬೇರಿಂಗ್ ಕೂರಿಸಲು ಯಾವ ಲಿಂಕ್ ಬರುತ್ತದೆ? ಅಣ್ಣನೇ ಬೇಕು. ಹಾಗೆಯೇ, ಆನ್‌ಲೈನ್‌ನಲ್ಲಿ ತರಿಸಿದ ಸಾಮಾನನ್ನು ಅವರ ಕೈಯಲ್ಲಿ ಹಾಕಿಸಿಕೊಂಡರೆ ದಯವಿಟ್ಟು ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಬೆಲೆಯ ವಿಷಯದಲ್ಲೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಇದು ಆನ್‌ಲೈನಿಗೆ ಮಾತ್ರ ಅಲ್ಲ, ಅಂಗಡಿಗೂ ಅನ್ವಯ. ಕೊಳ್ಳುವ ಮುಂಚೆ ಅಲ್ಲಿಯೂ ಒಮ್ಮೆ ಬೆಲೆ ಕೇಳಿ.

ಹಣದ ಲೆಕ್ಕ ನೋಡುವುದು ನಮ್ಮ ಬಳಗದ ಒಬ್ಬ ಅಕ್ಕ, ನಾನಲ್ಲ. ವಿಡಿಯೋ ಮಾಡುವವನ ಕೈಯಲ್ಲೇ ದುಡ್ಡೂ ಇರಬಾರದು ಅಂತ ನಾನೇ ಕೇಳಿಕೊಂಡೆ. ಪ್ರತಿ ತಿಂಗಳು ಬಂದದ್ದು, ಖರ್ಚಾದದ್ದು ಎರಡನ್ನೂ ಎಲ್ಲರಿಗೂ ಕಳಿಸುತ್ತಾರೆ. ಲಿಂಕಿನ ಖಾತೆ ಯಾರ ಪ್ಯಾನ್ ಮೇಲಿದೆಯೋ, ತೆರಿಗೆಯವರ ಲೆಕ್ಕದಲ್ಲಿ ಅದು ಅವರ ಆದಾಯ. ಬೇರೆ ಊರಿನ ಬಳಗದವರು ಇಂಥದ್ದು ಶುರು ಮಾಡುವುದಾದರೆ ಈ ಮಾತನ್ನು ಮೊದಲೇ ಕೂತು ಬಗೆಹರಿಸಿಕೊಳ್ಳಿ.

ಹಬ್ಬದ ಸೇಲ್ ಬಂದಾಗ ಕಮಿಷನ್ ಏರುತ್ತದೆ, ಜೋರು ಮಳೆಯ ತಿಂಗಳುಗಳಲ್ಲಿ ಇಳಿಯುತ್ತದೆ. ಇಳಿದಾಗ ಕಿಟ್ ಕೊಳ್ಳುವುದನ್ನು ಮುಂದಕ್ಕೆ ಹಾಕುತ್ತೇವೆ. ಹಣ ಬರಲಿ ಅಂತ ಬೇಡದ ಸಾಮಾನನ್ನು ಯಾರಿಗೂ ಹೇಳುವುದಿಲ್ಲ. ನಿಮ್ಮ ಹಳೆಯ ಲೈಟು ಚೆನ್ನಾಗಿ ಉರಿಯುತ್ತಿದ್ದರೆ ಹೊಸದು ಬೇಡ.

ಬ್ರೇಕ್ ಪ್ಯಾಡ್ ಬೇಕಾದವರು ಮೊದಲು ಕ್ಯಾಲಿಪರಿನ ಫೋಟೋ, ರೋಟರಿನ ಮೇಲಿನ ಬರಹದ ಫೋಟೋ ಗ್ರೂಪಿಗೆ ಕಳಿಸಿ. ಟ್ಯೂಬ್ ಬೇಕಾದವರು ಟೈರಿನ ಪಕ್ಕದಲ್ಲಿರುವ ಅಳತೆಯ ಫೋಟೋ ಕಳಿಸಿ. ಯಾವುದು ಸರಿಹೊಂದುತ್ತದೆ ಅಂತ ನೋಡಿ ಹೇಳುತ್ತೇವೆ. ಅದು ಅಣ್ಣನ ಅಂಗಡಿಯಲ್ಲಿದ್ದರೆ ಅದನ್ನೂ ಹೇಳುತ್ತೇವೆ. ಲಿಂಕ್ ಒತ್ತುವುದು ಆಮೇಲೆ.