ನಂದೊಂದೇ ಐತಲ್ಲಪ್ಪ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವನು. ಎಲೆಕ್ಷನ್ ಡ್ಯೂಟಿ ಎಷ್ಟು ಸಲ ಮಾಡಿದೆನೋ ಲೆಕ್ಕವಿಟ್ಟಿಲ್ಲ, ಆದರೆ ಪ್ರತಿ ಸಲವೂ ಒಂದು ಮಾತು ಕಿವಿಗೆ ಬಿದ್ದಿದೆ. "ನನ್ನದೊಂದು ವೋಟಿನಿಂದ ಏನಾಗ್ತದ ಬಿಡ್ರಿ ಸರ್." ಓದಿದವರೇ ಇದನ್ನು ಜಾಸ್ತಿ ಹೇಳುವುದು. ಇವತ್ತು ಇದೊಂದಕ್ಕೇ ಉತ್ತರ ಕೊಡಲು ಬಂದಿದ್ದೇನೆ.

2018ರ ವಿಧಾನಸಭಾ ಚುನಾವಣೆ. ಮೇ 12. ನಮ್ಮ ಕಡೆಯ ಮೇ ತಿಂಗಳು ಅಂದರೆ ನಿಮಗೆ ಹೇಳಬೇಕಾಗಿಲ್ಲ. ಲಿಂಗಸುಗೂರು ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಪ್ರಿಸೈಡಿಂಗ್ ಆಫೀಸರ್. ಸಂಜೆ 6ಕ್ಕೆ ಗೇಟು ಹಾಕಬೇಕು, ಆದರೆ ಅಷ್ಟರೊಳಗೆ ಸಾಲಿನಲ್ಲಿ ನಿಂತವರಿಗೆಲ್ಲ ವೋಟು ಹಾಕುವ ಹಕ್ಕಿದೆ. ಅದಕ್ಕೆ ನಾವು ಸಹಿ ಮಾಡಿದ ಚೀಟಿ ಕೊಡುತ್ತೇವೆ. ಎಲ್ಲಿಂದ ಶುರು ಮಾಡುತ್ತೇವೆ ಗೊತ್ತಾ? ಸಾಲಿನ ಬಾಲದಿಂದ. ಆಮೇಲೆ ಹಿಂದೆ ಯಾರೂ ಬಂದು ಸೇರಿಕೊಳ್ಳಬಾರದು, ಅಷ್ಟೇ.

ಇನ್ನೆರಡು ನಿಮಿಷ ಇದೆ ಅನ್ನುವಾಗ ಒಂದು ಟಂಟಂ ಬಂದು ನಿಂತಿತು. ಕಂಕುಳಲ್ಲಿ ಕೂಸು, ಕೈಯಲ್ಲಿ ಗೊಬ್ಬರದ ಚೀಲ, ಒಬ್ಬ ಹೆಣ್ಣುಮಗಳು ಓಡಿ ಬಂದು ಸಾಲಿನ ಕೊನೆಗೆ ನಿಂತಳು. ಗುಳೆ ಹೋದವಳು. ಬೆಂಗಳೂರಿನಲ್ಲಿ ಗಾರೆ ಕೆಲಸ. ಬೆಳಗ್ಗೆ ಊರು ಮುಟ್ಟಬೇಕಾದ ಬಸ್ಸು ನಡುದಾರಿಯಲ್ಲಿ ಕೆಟ್ಟು, ಇನ್ನೆರಡು ಬಸ್ಸು ಬದಲಾಯಿಸಿ ಬಂದಿದ್ದಳು. ಮುಂದಿದ್ದ ಹುಡುಗ ನಕ್ಕ. "ಏನಕ್ಕ, ನಿಂದೊಂದು ವೋಟಿಗೆ ಎರಡು ದಿನದ ಪಗಾರ ಬಿಟ್ಟು ಬಂದೇನು?" ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ. "ನಂದೊಂದೇ ಐತಲ್ಲಪ್ಪ. ಇನ್ನೊಂದು ಇದ್ದಿದ್ರ ಬಿಡ್ತಿದ್ದೆ."

ಕೊನೆಗೆ ಬಂದವಳಿಗೆ 1ನೇ ನಂಬರಿನ ಚೀಟಿ! ಆದರೆ ಸರದಿ ಬರಲು ಮುಕ್ಕಾಲು ಗಂಟೆಯೇ ಹಿಡಿಯಿತು, ಕೂಸು ಹೆಗಲ ಮೇಲೆ ನಿದ್ದೆ ಹೋಗಿತ್ತು. ಸಿಮೆಂಟಿಗೆ ಒಡೆದ ಬೆರಳು, ಶಾಯಿ ಹಚ್ಚಿದರೆ ಬಿರುಕಿನೊಳಗೆ ಗೆರೆಗೆರೆಯಾಗಿ ಇಳಿಯಿತು. ಆ ಶಾಯಿ ನಮ್ಮ ಮೈಸೂರಿನದೇ, 1962ರಿಂದ ಅಲ್ಲಿಂದಲೇ ಬರುತ್ತಿದೆ. ಇರಲಿ.

ಮೂರು ದಿನಕ್ಕೆ ರಿಸಲ್ಟ್ ಬಂತು. ಪಕ್ಕದ ಮಸ್ಕಿ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಎಷ್ಟು ಅಂತರ? 213. ಲೆಕ್ಕದ ಮೇಷ್ಟ್ರು ನಾನು, ಸುಮ್ನೆ ಬಿಡುತ್ತೇನಾ? 213 ಜನ ಅಂದರೆ ನಾಲ್ಕು ಕೆಂಪು ಬಸ್ಸು. ಅದರಲ್ಲಿ 107 ಜನ ಈ ಕಡೆಯಿಂದ ಆ ಕಡೆಗೆ ಹಾಕಿದ್ದರೆ ಸೋತವರು ಗೆಲ್ಲುತ್ತಿದ್ದರು, ಅಂದರೆ ಎರಡೇ ಬಸ್ಸು. ನಮ್ಮ ಜಿಲ್ಲೆಯಿಂದ ಗುಳೆಗೆ ಹೋಗುವ ಬಸ್ಸುಗಳನ್ನು ನೀವೇ ನೋಡಿದ್ದೀರಲ್ಲ. ಆ ಬಸ್ಸಿನಲ್ಲಿ ಕೂತ ಒಬ್ಬೊಬ್ಬರೂ "ನನ್ನದೊಂದರಿಂದ ಏನಾಗ್ತದ" ಅಂದರೆ?

ಒಂದೇ ವೋಟಿನಲ್ಲಿ ಸೋತದ್ದೂ ಇದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ. ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ ಬರೀ 16 ವೋಟು. ಇನ್ನು ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಮೆಂಬರ್. ಅದರಲ್ಲಿ ಮಕ್ಕಳನ್ನು ಕಳೆಯಿರಿ, ಗುಳೆ ಹೋದವರನ್ನು ಕಳೆಯಿರಿ, ಉಳಿದದ್ದೆಷ್ಟು? ಸಮ ಸಮ ಬಿದ್ದರೆ ಚೀಟಿ ಎತ್ತಬೇಕಾಗುತ್ತದೆ. ನೀವು ಮನೆಯಲ್ಲಿ ಮಲಗಿದ್ದಕ್ಕೆ ನಿಮ್ಮ ಓಣಿಯ ನಲ್ಲಿಯ ಗತಿಯನ್ನು ಒಂದು ಚೀಟಿ ತೀರ್ಮಾನ ಮಾಡುತ್ತದೆ, ಆಮೇಲೆ ಐದು ವರ್ಷ ಕಟ್ಟೆಯ ಮೇಲೆ ಕೂತು ಬೈಯುವುದು!

ಸ್ಟುಡಿಯೋದ ಗಾಜಿನಾಚೆ ಕೂತವರು ಟೈಮಾಯಿತು ಅಂತ ಕೈ ತೋರಿಸುತ್ತಿದ್ದಾರೆ, ತಪ್ಪು ನನ್ನದೇ, ಆ ಹೆಣ್ಣುಮಗಳ ಕತೆ ಬಂದರೆ ನನಗೆ ಗಡಿಯಾರ ಕಾಣುವುದಿಲ್ಲ. ಬೇಗ ಹೇಳುತ್ತೇನೆ. 18 ತುಂಬಿದ ಮಕ್ಕಳಿದ್ದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಮೂನೆ 6ರ ಅರ್ಜಿ. ಊರು ಬದಲಾಗಿದ್ದರೆ, ಹೆಸರು ತಪ್ಪಾಗಿದ್ದರೆ ನಮೂನೆ 8. ಕಾರ್ಡು ಪೆಟ್ಟಿಗೆಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಅದನ್ನು ಎಲೆಕ್ಷನ್ ದಿನ ನೋಡಬೇಡಿ, ಈಗಲೇ ನೋಡಿ. ಫೋನ್ ಇದ್ದರೆ 1950ಕ್ಕೆ ಮಾಡಿ. ಇಲ್ಲವಾದರೆ ನಿಮ್ಮ ಊರಿನ ಬಿಎಲ್‌ಓ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಯಾರು ಅಂತ ಅಂಗನವಾಡಿಯಲ್ಲಿ ಕೇಳಿ, ಎಷ್ಟೋ ಊರುಗಳಲ್ಲಿ ಅಲ್ಲಿನ ಟೀಚರೇ ಬಿಎಲ್‌ಓ ಆಗಿರುತ್ತಾರೆ. ಅಂಗನವಾಡಿಗೆ ಮಧ್ಯಾಹ್ನದೊಳಗೆ ಹೋಗಿ. ನಮಸ್ಕಾರ.