ಸಿಗ್ನಲ್ ಸಂಖ್ಯೆಗೆ ಮಾತು ಕೊಡುವ ಬಗೆ

ಕೇಳುಗರಿಗೆ ನಮಸ್ಕಾರ. ಲಿನಕ್ಸ್‌ನಲ್ಲಿ ಓಡುತ್ತಿದ್ದ ಸಿ ಪ್ರೋಗ್ರಾಂ ನಡುವೆಯೇ ನಿಂತುಹೋಗಿ, ನಮ್ಮ ಆದೇಶಗಳನ್ನು ಓದಿ ನಡೆಸುವ ಶೆಲ್ ಅದರ ನಿರ್ಗಮನ ಸಂಖ್ಯೆಯನ್ನು 139 ಎಂದು ತೋರಿಸಿದರೆ, ಅದರಲ್ಲಿ 128 ಕಳೆದಾಗ ಉಳಿಯುವ 11 ಆ ಪ್ರೋಗ್ರಾಂ ನಿಲ್ಲಲು ಕಾರಣವಾದ ಸಿಗ್ನಲ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ ತಲುಪುವ ಸೂಚನೆಯ, ಸಂಖ್ಯೆ. ತನಗೆ ಸಲ್ಲದ ಮೆಮೊರಿಯನ್ನು ಮುಟ್ಟಿದ ಪ್ರೋಗ್ರಾಂಗೆ ವ್ಯವಸ್ಥೆಯ ತಿರುಳಾದ ಕರ್ನಲ್ ಕಳುಹಿಸುವ ಸಿಗ್ನಲ್ ಅದು. ಬಲ್ಲವರಿಗೆ ಅಂಕಿಯೇ ಸಾಕು. ಆದರೆ ರಾತ್ರಿ ಪಾಳಿಯಲ್ಲಿ ಲಾಗ್ ಓದುತ್ತ ಕುಳಿತವರಿಗೆ ಬರಿಯ ಅಂಕಿ ಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಇದಕ್ಕಾಗಿ ಸಂಖ್ಯೆ ಮತ್ತು ಹೆಸರುಗಳ ಪಟ್ಟಿಯನ್ನು ತಾವೇ ಬರೆದಿಟ್ಟುಕೊಳ್ಳುವವರಿದ್ದಾರೆ. ಅದು ಖಂಡಿತ ಬೇಡ. ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸುವ 9 ಮತ್ತು ಆಗಲೇ ಹೇಳಿದ 11 ಯುನಿಕ್ಸ್ ಬಳಗದಲ್ಲೆಲ್ಲ ಒಂದೇ ಅರ್ಥ ಕೊಡುತ್ತವೆ, ನಿಜ. ಆದರೆ 10 ಎಂಬುದು ಇಂಟೆಲ್ ಯಂತ್ರದ ಲಿನಕ್ಸ್‌ನಲ್ಲಿ ಪ್ರೋಗ್ರಾಮರ್ ತನಗೆ ಬೇಕಾದಂತೆ ಬಳಸಿಕೊಳ್ಳಲು ಬಿಟ್ಟ ಸಿಗ್‌ಯೂಎಸ್‌ಆರ್‌1 ಆಗಿದ್ದರೆ, ಮ್ಯಾಕ್‌ಓಎಸ್‌ನಲ್ಲಿ ಅದೇ 10 ಮೆಮೊರಿ ದೋಷವನ್ನು ಸಾರುವ ಸಿಗ್‌ಬಸ್.

ಆದ್ದರಿಂದ ವ್ಯವಸ್ಥೆಯನ್ನೇ ಕೇಳುವುದು ಸರಿಯಾದ ದಾರಿ. ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆಲ್ಲ ಸಾಮಾನ್ಯವಾದ ಪಾಸಿಕ್ಸ್ ಮಾನದಂಡದ 2008ರ ಆವೃತ್ತಿಯಲ್ಲಿ ಸೇರಿದ ಸ್ಟ್ರ್‌ಸಿಗ್ನಲ್ ಎಂಬ ಫಂಕ್ಷನ್‌ಗೆ 11 ಕೊಟ್ಟರೆ ಲಿನಕ್ಸ್‌ನಲ್ಲಿ ‘ಸೆಗ್ಮೆಂಟೇಶನ್ ಫಾಲ್ಟ್’ ಎಂಬ ಒಕ್ಕಣೆ ಸಿಗುತ್ತದೆ. ಇಂಥ ಒಕ್ಕಣೆಗಳನ್ನು ಹೊತ್ತು ಹಿಂದೆ ಬಳಕೆಯಲ್ಲಿದ್ದ ಸಿಸ್ ಸಿಗ್‌ಲಿಸ್ಟ್ ಎಂಬ ಅರೇಯನ್ನು ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ, 2020ರಲ್ಲಿ ಬಂದ 2.32ನೇ ಆವೃತ್ತಿ ಹೊಸ ಪ್ರೋಗ್ರಾಂಗಳಿಗೆ ಸಿಗದಂತೆ ತೆಗೆದುಹಾಕಿತು.

ಆದರೆ ಸ್ಟ್ರ್‌ಸಿಗ್ನಲ್ಲನ್ನು ಸಿಗ್ನಲ್ ಬಂದಾಗ ತಾನಾಗಿ ಓಡುವ ಸಿಗ್ನಲ್ ಹ್ಯಾಂಡ್ಲರ್ ಎಂಬ ಫಂಕ್ಷನ್‌ನ ಒಳಗೆ ಕರೆಯಬಾರದು. ಅನೇಕರು ಎಡವುವುದು ಇಲ್ಲಿಯೇ. ಸಿಗ್ನಲ್ ಯಾವ ಗಳಿಗೆಯಲ್ಲಾದರೂ ಬರಬಹುದು. ಪ್ರೋಗ್ರಾಂ ಮೆಮೊರಿ ಪಡೆಯುವ ಮ್ಯಾಲಕ್ ಫಂಕ್ಷನ್‌ನ ಒಳಗೆ, ಬೇರೆಯವರು ನುಗ್ಗದಂತೆ ತಡೆಯುವ ಲಾಕ್ ಹಿಡಿದಿರುವಾಗಲೇ ಅದು ಬಂದು, ಹ್ಯಾಂಡ್ಲರ್ ಕರೆದ ಫಂಕ್ಷನ್ ಕೂಡ ಅದೇ ಲಾಕ್ ಬೇಡಿದರೆ, ಪ್ರೋಗ್ರಾಂ ಮುಂದೆ ಹೋಗಲಾರದೆ, ಸಾಯಲೂ ಆಗದೆ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್ಲರ್‌ನಲ್ಲೇ ಹೆಸರು ಬೇಕೆನ್ನುವವರಿಗೆ ಅದೇ 2.32ನೇ ಆವೃತ್ತಿ ಸಿಗ್‌ಅಬ್ರೆವ್ ಎನ್‌ಪಿ ಎಂಬ ಸುರಕ್ಷಿತ ಫಂಕ್ಷನ್ ಒದಗಿಸಿದೆ. 11ಕ್ಕೆ ಅದು ‘ಸೆಗ್ವಿ’ ಎಂಬ ಚುಟುಕು ಹೆಸರನ್ನು ಕೊಡುತ್ತದೆ. ಆದರೆ ಅದು ಪಾಸಿಕ್ಸ್‌ನಲ್ಲಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಹಸನಾದ ಕ್ರಮವೆಂದರೆ ಈ ಕೆಲಸವನ್ನು, ಆ ಪ್ರೋಗ್ರಾಂ ಅನ್ನು ತನ್ನ ಚೈಲ್ಡ್ ಆಗಿ ಹುಟ್ಟುಹಾಕಿದ ಪೇರೆಂಟ್ ಪ್ರೊಸೆಸ್‌ಗೆ ಬಿಡುವುದು. ಅದು ವೇಟ್‌ಪಿಡ್ ಮೂಲಕ ಚೈಲ್ಡ್ ಪ್ರೊಸೆಸ್‌ನ ಸ್ಥಿತಿಯನ್ನು ಪಡೆದು, ಸಾವು ಸಿಗ್ನಲ್‌ನಿಂದಲೇ ಆಯಿತೆಂದು ಖಚಿತಪಡಿಸಿಕೊಂಡು, ಡಬ್ಲ್ಯೂಟರ್ಮ್‌ಸಿಗ್ ಮ್ಯಾಕ್ರೋದಿಂದ ಸಂಖ್ಯೆಯನ್ನು ತೆಗೆದು, ಯಾವ ಲಾಕಿನ ಭಯವೂ ಇಲ್ಲದೆ ಸ್ಟ್ರ್‌ಸಿಗ್ನಲ್ಲನ್ನು ಕರೆಯಬಹುದು. ಒಕ್ಕಣೆಯ ಪಕ್ಕದಲ್ಲಿ ಸಂಖ್ಯೆಯನ್ನೂ ಲಾಗ್‌ಗೆ ಬರೆಯಿರಿ. ಲೊಕೇಲ್, ಅಂದರೆ ವ್ಯವಸ್ಥೆಯ ಭಾಷಾ ಆಯ್ಕೆ, ಬದಲಾದರೆ ಒಕ್ಕಣೆ ಜರ್ಮನ್‌ನಲ್ಲಿಯೋ ಫ್ರೆಂಚ್‌ನಲ್ಲಿಯೋ ಬರಬಹುದು, ಆಗ ಲಾಗ್‌ನಲ್ಲಿ ಹುಡುಕಲು ಆ ಸಂಖ್ಯೆಯೇ ಆಧಾರ.