ಒಬ್ಬರಿಗೆ ಎರಡೇ ಸೀನ್, ಮೂರನೆಯದು ಬೇಡ

ನಮಸ್ಕಾರ, ಬನ್ನಿ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಗುಂಪಾಗಿ ಕಥೆ ಬರೆದು ಆಡುವ ಗೇಮ್‌ನಲ್ಲಿ ಒಬ್ಬರಿಗೆ ಇಷ್ಟೇ ಸೀನ್ ಅಂತ ಮಿತಿ ಇರಬೇಕು ಅಂದಿದ್ದೆನಲ್ಲ, ಆ ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: ಆಸಕ್ತಿ ಇರುವವರು ಎಷ್ಟು ಸೀನ್ ಇದ್ದರೂ ಟೈಮ್ ಮಾಡಿಕೊಳ್ಳುತ್ತಾರಂತೆ, ಮಿತಿ ಬೇಕಾಗಿರುವುದು ಸೋಮಾರಿಗಳಿಗಂತೆ. ಆಹಾ!

ಮತ್ತೆ ಹೇಳುತ್ತೇನೆ. ಗುಂಪಾಗಿ ಬರೆದು ಆಡುವ ಆನ್‌ಲೈನ್ ರೋಲ್‌ಪ್ಲೇಯಿಂಗ್ ಗೇಮ್‌ನಲ್ಲಿ ಒಬ್ಬರು ಒಂದು ಸಲಕ್ಕೆ ಎರಡು ಸೀನ್‌ಗಿಂತ ಜಾಸ್ತಿ ಹಿಡಿಯಬಾರದು. ಸೀನ್ ಅಂದರೆ ಕಥೆಯ ಒಂದು ಸನ್ನಿವೇಶ; ಅದರಲ್ಲಿರುವವರು ತಮ್ಮ ತಮ್ಮ ಪಾತ್ರ ಏನು ಮಾಡಿತು ಅಂತ ಸರದಿ ಪ್ರಕಾರ ಒಂದೊಂದು ಪೋಸ್ಟ್ ಬರೆಯುತ್ತಾರೆ.

ನಮ್ಮ ಗುಂಪಿನ ಕಥೆ ಕೇಳಿ. ಕೋಟೆ ಬಾಗಿಲ ಮುಂದೆ ಐದು ಜನ ಇದ್ದೇವೆ. ಮಂತ್ರವಾದಿಯ ಪಾತ್ರ ಮಾಡುವವರು 'ಚಿಲಕಕ್ಕೆ ಕೈ ಹಾಕಿದಳು' ಅಂತ ಬರೆದು ಹೋದರು. 11 ದಿನ ಆಯಿತು. ಆ ಪುಣ್ಯಾತ್ಗಿತ್ತಿ ಇನ್ನೂ ಚಿಲಕ ಹಿಡಿದುಕೊಂಡೇ ನಿಂತಿದ್ದಾಳೆ. ಹಿಂದೆ ನಾವು ನಾಲ್ವರು ಕತ್ತಿ ಎತ್ತಿಕೊಂಡು ನಿಂತಿದ್ದೇವೆ. ತೋಳು ನೋಯಲ್ವಾ?

ಆ ಪಾತ್ರ ಬರೆಯುವವರೇನು ಸೋಮಾರಿ ಅಲ್ಲ. ಎಲ್ಲರಿಗಿಂತ ಉತ್ಸಾಹ ಅವರಿಗೇ. ಯಾರು ಕರೆದರೂ ಹೂಂ ಅಂದು ಏಳು ಸೀನ್ ಒಪ್ಪಿಕೊಂಡಿದ್ದಾರೆ. ಸೀನ್‌ಗೆ ದಿನಕ್ಕೊಂದು ಪೋಸ್ಟ್, ಒಂದು ಪೋಸ್ಟ್‌ಗೆ ಅರ್ಧ ಗಂಟೆ ಅಂದುಕೊಳ್ಳಿ, ದಿನಕ್ಕೆ ಮೂರೂವರೆ ಗಂಟೆ ಆಯಿತು. ಎರಡು ದಿನ ತಪ್ಪಿದರೆ ಬಾಕಿ 14. ಆಮೇಲೆ ಗುಂಪು ತೆರೆದು ನೋಡಲಿಕ್ಕೇ ಭಯ. ಅದಕ್ಕೇ ಎರಡು ಅಂದಿದ್ದು.

ಜನರ ಟೈಮ್‌ಗೆ ಮಿತಿ ಇದೆ ಅಂತ ಗೇಮ್ ಕಂಪನಿಗಳಿಗೂ ಗೊತ್ತು. 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಗೇಮ್ ಬಂದಾಗ ದೊಡ್ಡ ರೇಡ್‌ಗೆ, ಅಂದರೆ ಗುಂಪಾಗಿ ಮಾಡುವ ದಾಳಿಗೆ, 40 ಜನ. ಒಂದೇ ರಾತ್ರಿ 40 ಜನರನ್ನು ಸೇರಿಸುವುದು ಅಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. 2007ರ ಎಕ್ಸ್‌ಪ್ಯಾನ್ಶನ್‌ನಲ್ಲಿ, ಅಂದರೆ ಗೇಮ್‌ಗೆ ಸೇರಿಸಿದ ಹೊಸ ಭಾಗದಲ್ಲಿ, ಅದನ್ನು 25ಕ್ಕೆ ಇಳಿಸಿದರು, 10 ಜನರದ್ದೂ ಬಂತು. ಅದೇ ಗೇಮ್‌ನಲ್ಲಿ ಲಾಗ್‌ಔಟ್ ಆಗಿ ವಿಶ್ರಾಂತಿ ತಗೊಂಡು ಬಂದರೆ, ಶತ್ರುವನ್ನು ಹೊಡೆದಾಗ ಸಿಗುವ ಎಕ್ಸ್‌ಪಿ, ಅಂದರೆ ಪಾತ್ರವನ್ನು ಬೆಳೆಸುವ ಅನುಭವದ ಅಂಕ, ಸ್ವಲ್ಪ ಹೊತ್ತು ಎರಡರಷ್ಟು. ಈವ್ ಆನ್‌ಲೈನ್ ಅನ್ನುವ ಇನ್ನೊಂದು ಗೇಮ್‌ನಲ್ಲಂತೂ ನೀವು ಮಲಗಿದ್ದರೂ ಪಾತ್ರ ಸ್ಕಿಲ್ ಕಲಿಯುತ್ತಿರುತ್ತದೆ. ಹಗಲೂ ರಾತ್ರಿ ನಾವು ಆಡಲಿ ಅನ್ನುವವರೇ ಮಲಗಲಿಕ್ಕೆ ಬಿಡುತ್ತಾರೆ. ನಾವು ಬಿಡಲ್ಲ!

ಅಂದ ಹಾಗೆ, ಯಾರ ಸರದಿ ಯಾವಾಗ ಅಂತ ಗುರುತು ಹಾಕುವ ಒಂದು ಶೀಟ್ ಮಾಡಿದ್ದೇನೆ. ಲಿಂಕ್ ಕೆಳಗಿದೆ. ತಗೊಳ್ಳುವ ಮುಂಚೆ ಸಬ್‌ಸ್ಕ್ರೈಬ್ ಆಗಿ, ಪುಕ್ಕಟೆ ತಾನೇ.

ಇನ್ನು ಕೆಲವರು, 'ನಾನು ಹತ್ತು ಸೀನ್ ನಿಭಾಯಿಸುತ್ತೇನೆ' ಅನ್ನುತ್ತಾರೆ. ಸ್ವಾಮಿ, ನಿಮ್ಮ ಪೋಸ್ಟ್ ನೋಡಿದ್ದೇನೆ. 'ತಲೆಯಾಡಿಸಿದ.' ಇಷ್ಟೇ. ಇದಕ್ಕೆ ನಾನೇನು ಬರೆಯಲಿ? ನಾನೂ ತಲೆಯಾಡಿಸಲಾ? ಹೀಗೇ ಆಡಿಸುತ್ತಾ ಕೂತರೆ ಕೋಟೆ ಗೆಲ್ಲುವುದು ಯಾವಾಗ?

ಮಿತಿ ಹಾಕಿದರೆ ಹೊಸಬರು ಓಡಿಹೋಗುತ್ತಾರಂತೆ. ಓಡಲಿ ಬಿಡಿ. ಅಲ್ಲ, ಓಡುವುದು ಬೇಡ, ಎರಡು ಸೀನ್ ಹಿಡಿದು ಕೂರಲಿ. ಗೇಮ್ ಮಾಸ್ಟರ್‌ಗಳೇ, ಅಂದರೆ ಆಟ ನಡೆಸುವವರೇ, ಮೂರನೆಯದು ಕೇಳಿದವರಿಗೆ ಬೇಡ ಅನ್ನಿ. ಮುಖ ಸಪ್ಪಗೆ ಮಾಡಿಕೊಂಡರೂ ಬೇಡ ಅನ್ನಿ.

ಎರಡೇ ಯಾಕೆ, ಮೂರು ಯಾಕಲ್ಲ ಅಂತ ಕೇಳುತ್ತೀರಿ. ಯಾಕೆಂದರೆ ಎರಡು! ಎರಡು ಅಂದರೆ ಎರಡು. ನನ್ನದು ಈಗ ಎಷ್ಟು ಸೀನ್ ಅಂತ ಕೇಳಬೇಡಿ. ನಾಲ್ಕು. ಅದರಲ್ಲಿ ಒಂದು ತೀರಾ ಚಿಕ್ಕದು, ಲೆಕ್ಕಕ್ಕಿಲ್ಲ.

ತಡೀರಿ, ಫೋನ್ ಗುಂಯ್ ಅಂತು. ಅಬ್ಬಾ, ಮಂತ್ರವಾದಿ ಬರೆದಿದ್ದಾರೆ!

ಬಾಗಿಲಿಗೆ ಬೀಗ ಇದೆಯಂತೆ.